ಡೈರಿ ಬಂದ ಮೇಲೆ ಬಂದ ಹಸು

ಬೆಂಗಳೂರಿನ ಆಡುಗೋಡಿಯಲ್ಲಿ 1923ರಲ್ಲಿ ಬ್ರಿಟಿಷ್ ಸರ್ಕಾರ ಪಶುಪಾಲನೆ ಮತ್ತು ಹೈನುಗಾರಿಕೆಯ ಸಂಸ್ಥೆಯೊಂದನ್ನು ತೆರೆಯಿತು. ವಿದೇಶಿ ತಳಿಯ ಹೋರಿಗಳಿಗೂ ಈ ದೇಶದ ಹಸುಗಳಿಗೂ ಹುಟ್ಟಿದ ಮಿಶ್ರತಳಿಗಳನ್ನು ಅಲ್ಲಿ ಸಾಕಿ, ಕರೆದು, ಲೆಕ್ಕ ಬರೆದಿಡುತ್ತಿದ್ದರು. ಆರೋಗ್ಯ ಸುಧಾರಿಸಿಕೊಳ್ಳಲು 1927ರಲ್ಲಿ ನಂದಿಬೆಟ್ಟಕ್ಕೂ ಬೆಂಗಳೂರಿಗೂ ಬಂದಿದ್ದ ಗಾಂಧೀಜಿ, ಗೋಪಾಲನೆಯನ್ನು ಶಾಸ್ತ್ರೀಯವಾಗಿ ತಿಳಿಯಲು ಈ ಸಂಸ್ಥೆಗೇ ಹೋದರು. ಹನ್ನೆರಡು ವರ್ಷದ ಮೇಲೆ, 1939ರಲ್ಲಿ, ಮೈಸೂರಿನ ಅರಮನೆಯ ಡೈರಿ ಫಾರಂನಲ್ಲಿ ಡಾ. ಸಂಪತ್ ಕುಮಾರನ್ ದೇಶದಲ್ಲೇ ಮೊದಲ ಸಲ ಕೃತಕ ಗರ್ಭಧಾರಣೆ ಮಾಡಿ ತೋರಿಸಿದರು. ನಲವತ್ತರ ದಶಕದಲ್ಲಿ ಈ ವಿಧಾನವನ್ನು ಪರೀಕ್ಷಿಸಲು ದೇಶದಲ್ಲಿ ತೆರೆದ ನಾಲ್ಕು ಪ್ರಾದೇಶಿಕ ಕೇಂದ್ರಗಳಲ್ಲಿ ಬೆಂಗಳೂರಿನದೂ ಒಂದು. ಮಿಶ್ರತಳಿ ಹಸುವಿಗೆ ಬೇಕಾದ ವಿದ್ಯೆಯೆಲ್ಲ ಹೀಗೆ ಹಳೇ ಮೈಸೂರಿನ ರೈತನ ಮಗ್ಗುಲಲ್ಲೇ ಇತ್ತು. ಆದರೂ ಅರವತ್ತರ ದಶಕ ಮುಗಿಯುವವರೆಗೆ ಮಾಲೂರು, ಚಿಂತಾಮಣಿ, ಕನಕಪುರದ ಕಡೆಯ ಎರಡು ಮೂರು ಎಕರೆಯ ಬೇಸಾಯಗಾರನ ಕೊಟ್ಟಿಗೆಯಲ್ಲಿ ಸೀಮೆಹಸು ಅಪರೂಪದ ಪ್ರಾಣಿಯೇ ಆಗಿತ್ತು. ಎಪ್ಪತ್ತರ ದಶಕದ ಮಧ್ಯಭಾಗದಿಂದ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅದು ಅದೇ ಊರುಗಳಲ್ಲಿ ಮನೆಮನೆಯ ಹಸುವಾಯಿತು. ಐವತ್ತು ವರ್ಷ ಅಲುಗದೆ ನಿಂತದ್ದು ಇಪ್ಪತ್ತು ವರ್ಷದಲ್ಲಿ ಹರಡಿದ್ದು ಹೇಗೆ? ಒಳ್ಳೆಯ ತಳಿ ಸಿಕ್ಕಿತು, ರೈತರಿಗೆ ತಿಳಿವಳಿಕೆ ಬಂತು ಎಂಬುದು ರೂಢಿಯ ಉತ್ತರ. ಅದು ಸಾಲದು ಎಂಬುದು ನನ್ನ ವಾದ. ಸಣ್ಣ ರೈತ ಒಪ್ಪಿಕೊಂಡದ್ದು ಮೊದಲಿಗೆ ಹಸುವನ್ನಲ್ಲ, ಊರೊಳಗೆ ಎರಡು ಹೊತ್ತೂ ಹಾಲು ಅಳೆದುಕೊಂಡು ತಪ್ಪದೆ ಬಟವಾಡೆ ಮಾಡುವ ಡೈರಿಯನ್ನು. ಹಸು ಅದರ ಹಿಂದೆ ಬಂತು.

ಇದು ಸ್ಪಷ್ಟವಾಗಬೇಕಾದರೆ ಅದಕ್ಕೂ ಹಿಂದಿನ ಹಸು ಯಾವ ಕೆಲಸಕ್ಕಿತ್ತು ಎಂಬುದನ್ನು ನೋಡಬೇಕು. ಮೈಸೂರು ಸೀಮೆಯ ದನದ ಇತಿಹಾಸವೆಂದರೆ ಎತ್ತಿನ ಇತಿಹಾಸ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಅರಮನೆಗೆ ಹಾಲು ಬೆಣ್ಣೆ ಹೋಗುತ್ತಿತ್ತು ನಿಜ. ಆದರೆ ಹೈದರ್ ಅಲಿ ಅದೇ ದನಗಳನ್ನು ಫಿರಂಗಿ ಮತ್ತು ಸಾಮಾನು ಎಳೆಯಲು ಹೂಡಿದ, ಟಿಪ್ಪು ಆ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟ. ಆಮೇಲೆ ಅದನ್ನು ವಶಕ್ಕೆ ಪಡೆದ ಇಂಗ್ಲಿಷರೂ ಅದರಿಂದ ಬಯಸಿದ್ದು ಸೈನ್ಯದ ಎತ್ತುಗಳನ್ನೇ. ಖರ್ಚು ಉಳಿಸಲು 1860ರಲ್ಲಿ ಮಂದೆಗಳನ್ನು ಮಾರಿದ ಸರ್ಕಾರ, ಒಳ್ಳೆಯ ಎತ್ತು ಸಿಗದೆ ಕೆಲವೇ ವರ್ಷಗಳಲ್ಲಿ ಮತ್ತೆ ಅವನ್ನು ಕಟ್ಟಬೇಕಾಯಿತು. ರೈತರ ಮನೆಯ ಹಳ್ಳಿಕಾರ್ ತಳಿಯೂ ದುಡಿಮೆಗೇ ಹೆಸರಾದದ್ದು. ಘಾಟಿ ಸುಬ್ರಹ್ಮಣ್ಯದಲ್ಲೋ ಚುಂಚನಕಟ್ಟೆಯಲ್ಲೋ ಜಾತ್ರೆ ಕಟ್ಟಿದಾಗ ಬೆಲೆ ಕುದುರುತ್ತಿದ್ದುದು ಜೋಡಿ ಹೋರಿಗಳಿಗೆ. ಕೊಂಬಿನ ವಾಟ, ಹಲ್ಲು, ಸುಳಿ, ನಡಿಗೆ ನೋಡುತ್ತಿದ್ದರೇ ಹೊರತು ಆ ಹೋರಿಯ ತಾಯಿ ಎಷ್ಟು ಕರೆಯುತ್ತಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ಹಳ್ಳಿಕಾರ್ ಹಸು ಒಂದು ಸೂಲಿಗೆ ಕೊಡುವ ಹಾಲು ಸರಾಸರಿ 500 ಕೆ.ಜಿ.ಯ ಆಸುಪಾಸು. ಕರು ಕುಡಿದು ಮಿಕ್ಕದ್ದು ಮನೆಯ ಮಕ್ಕಳಿಗೆ, ಮಜ್ಜಿಗೆಗೆ. ಮುಂದಿನ ಎತ್ತನ್ನು ಹೆತ್ತುಕೊಡುವುದು ಹಸುವಿನ ಕೆಲಸ, ಹಾಲು ಅದರ ಜೊತೆಗೆ ಬಂದದ್ದು. ಹಾಲಿಗೆಂದೇ ಸಾಕುವವರು ಎಮ್ಮೆ ಸಾಕುತ್ತಿದ್ದರು.

ಈ ಏರ್ಪಾಡನ್ನು ಹಿಂದುಳಿದಿರುವಿಕೆ ಎಂದು ಕರೆದವರು ಅದರ ಲೆಕ್ಕವನ್ನು ನೋಡಿದವರಲ್ಲ. ಹಾಲು ಕೆಲವೇ ಗಂಟೆಗಳಲ್ಲಿ ಒಡೆಯುವ ಸರಕು. ರಸ್ತೆಯಿಂದ ಎರಡು ಹರದಾರಿ ಒಳಗಿರುವ ಊರಿನಲ್ಲಿ ದಿನಕ್ಕೆ ಎಂಟು ಲೀಟರ್ ಕರೆಯುವ ಹಸುವನ್ನು ಕಟ್ಟಿಕೊಂಡವನು ಮೊದಲ ಎರಡು ಲೀಟರನ್ನು ಮನೆಗೆ ಬಳಸಿ ಉಳಿದದ್ದನ್ನು ಏನು ಮಾಡಬೇಕು? ಹೆಪ್ಪುಹಾಕಿ ಕಡೆದು, ಬೆಣ್ಣೆ ಕಾಯಿಸಿ ತುಪ್ಪ ಮಾಡಿ ಸಂತೆಗೆ ಒಯ್ಯಬೇಕು. ಹಾಗೆ ಮಾಡುವುದಾದರೆ ಜಿಡ್ಡು ಹೆಚ್ಚಿರುವ ಎಮ್ಮೆಹಾಲೇ ಲಾಭ, ತೆಳು ಹಾಲಿನ ಸೀಮೆಹಸು ನಷ್ಟ. ಪೇಟೆಯ ಹಾಲಿನ ವ್ಯಾಪಾರ ಪೇಟೆಯೊಳಗೇ ಎಮ್ಮೆ ಕಟ್ಟಿದ ಗೌಳಿಗರ ಕೈಯಲ್ಲಿತ್ತು. ಆಡುಗೋಡಿಯ ಕೊಟ್ಟಿಗೆಯಲ್ಲಿ ಹೆಮ್ಮೆಯಾಗಿದ್ದ ಹಸು ಹಳ್ಳಿಯ ಕೊಟ್ಟಿಗೆಯಲ್ಲಿ ಹೊರೆಯಾಗುತ್ತಿತ್ತು, ಏಕೆಂದರೆ ಅಲ್ಲಿ ಹಾಲು ಕೊಳ್ಳುವವರಿದ್ದರು, ಇಲ್ಲಿ ಇರಲಿಲ್ಲ. ಬೂಸಾ ಹಿಂಡಿಗೆ ದುಡ್ಡು ಹಾಕಿ, ನೆರಳು ನೀರು ನೋಡಿ, ಉಣ್ಣೆ ಆರಿಸಿ ಸಾಕಿದ ಹಸುವಿನ ಹಾಲು ಮಾರಾಟವೇ ಆಗದಿದ್ದರೆ ನಾಟಿ ಹಸುವಿನಿಂದ ಎತ್ತಾದರೂ ಸಿಗುತ್ತದೆ ಎಂದುಕೊಂಡ ರೈತ ಸರಿಯಾಗಿಯೇ ಲೆಕ್ಕ ಹಾಕಿದ್ದ.

ಸರ್ಕಾರವೂ ಬಹುಕಾಲ ಅತ್ತಿತ್ತ ತೂಗುತ್ತಿತ್ತು. 1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗ ದೇಸಿ ತಳಿಗಳ ಆಯ್ಕೆ ಮತ್ತು ಸುಧಾರಣೆಯ ಕಡೆಗೇ ಒಲವು ತೋರಿತು. ಸ್ವಾತಂತ್ರ್ಯದ ನಂತರ ಮೊದಲ ಪಂಚವಾರ್ಷಿಕ ಯೋಜನೆಯ ಕೀ ವಿಲೇಜ್ ಕಾರ್ಯಕ್ರಮವೂ ಹೆಚ್ಚಾಗಿ ಅದೇ ದಾರಿಯಲ್ಲಿ ನಡೆಯಿತು. ಮಿಶ್ರತಳಿಯನ್ನು ಊರೂರಿಗೆ ಒಯ್ಯುವ ಧೈರ್ಯ ಬಂದದ್ದು ಅರವತ್ತರ ದಶಕದಲ್ಲಿ. ಕೇರಳದ ಮಾಟ್ಟುಪೆಟ್ಟಿಯಲ್ಲಿ ಸ್ವಿಟ್ಜರ್ಲೆಂಡ್ ನೆರವಿನಿಂದ ತಳಿ ಅಭಿವೃದ್ಧಿ ನಡೆದ ಕಾಲದಲ್ಲೇ ಇಲ್ಲಿ ಬೆಂಗಳೂರಿನ ಪಕ್ಕದ ಹೆಸರಘಟ್ಟಕ್ಕೆ ಡೆನ್ಮಾರ್ಕಿನ ನೆರವು ಬಂತು. 1969ರಲ್ಲಿ ಅಲ್ಲಿ ಘನೀಕೃತ ವೀರ್ಯ ತಯಾರಿಸುವ ಕೇಂದ್ರ ಸಂಸ್ಥೆ ಆರಂಭವಾಯಿತು. ಇದು ನಿಜಕ್ಕೂ ದೊಡ್ಡ ಬದಲಾವಣೆ. ಅದಕ್ಕೆ ಮುಂಚೆ ದ್ರವರೂಪದ ವೀರ್ಯವನ್ನು ಮಂಜುಗಡ್ಡೆಯಲ್ಲಿಟ್ಟು ಎರಡು ಮೂರು ದಿನದೊಳಗೆ ಬಳಸಿ ಮುಗಿಸಬೇಕಿತ್ತು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ, ಸೈಕಲ್ ಮೇಲೂ ಊರಿಗೆ ಒಯ್ಯಬಹುದು. ಹಸು ಬೆದೆಗೆ ಬಂದ ಗಳಿಗೆಗೆ ಹೋರಿಯನ್ನು ಹುಡುಕಿಕೊಂಡು ಅಲೆಯುವುದು ತಪ್ಪಿತು.

ಇಲ್ಲಿಯೇ ನನ್ನ ವಾದಕ್ಕೆ ಮೊದಲ ಆಕ್ಷೇಪ ಬರುತ್ತದೆ. ಹಸು ಹರಡದೆ ಇದ್ದದ್ದು ಹಾಲಿಗೆ ಗಿರಾಕಿ ಇಲ್ಲದೆ ಅಲ್ಲ, ತಂತ್ರಜ್ಞಾನ ಹಳ್ಳಿ ಮುಟ್ಟದೆ. ಹೆಸರಘಟ್ಟ ಆರಂಭವಾದ ಮೇಲೆ ತಾನೇ ಹಸು ಹಬ್ಬಿದ್ದು ಎಂದು ಕೇಳಬಹುದು. ಕಾಲಕ್ರಮ ನೋಡಿದರೆ ಎರಡೂ ಹತ್ತಿರ ಹತ್ತಿರವೇ ಇವೆ, ಆದ್ದರಿಂದ ಈ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ಕರ್ನಾಟಕದ ಒಳಗೇ ಇದಕ್ಕೆ ಉತ್ತರವಿದೆ. ಹೆಸರಘಟ್ಟದ ವೀರ್ಯ ಕಡ್ಡಿ ಉತ್ತರ ಕರ್ನಾಟಕದ ಪಶು ಆಸ್ಪತ್ರೆಗಳಿಗೂ ಹೋಗುವಂಥದ್ದೇ. ಅಲ್ಲಿ ಮಿಶ್ರತಳಿ ಇಷ್ಟು ವೇಗವಾಗಿ ಹಿಡಿಯಲಿಲ್ಲ. ಕಪ್ಪುನೆಲದ ಉಳುಮೆಗೆ ಕಿಲಾರಿಯಂಥ ಗಟ್ಟಿ ಎತ್ತು ಬೇಕು, ಮೊಸರು ತುಪ್ಪಕ್ಕೆ ಎಮ್ಮೆ ಬೇಕು, ಊರೂರಿಗೆ ಸಹಕಾರ ಸಂಘದ ಜಾಲ ಹಬ್ಬಿದ್ದು ದಕ್ಷಿಣಕ್ಕಿಂತ ಸುಮಾರು ಹತ್ತು ವರ್ಷ ತಡವಾಗಿ. ಒಂದೇ ರಾಜ್ಯ, ಒಂದೇ ಇಲಾಖೆ, ಕೃತಕ ಗರ್ಭಧಾರಣೆಯ ಒಂದೇ ಸೂಜಿ. ವ್ಯತ್ಯಾಸ ಮಾಡಿದ್ದು ಎತ್ತಿನ ಅಗತ್ಯ ಮತ್ತು ಹಾಲಿನ ಮಾರುಕಟ್ಟೆ. ತಂತ್ರಜ್ಞಾನ ಇಲ್ಲದೆ ಇದು ಸಾಧ್ಯವಿರಲಿಲ್ಲ, ಆದರೆ ಅದೊಂದರಿಂದಲೇ ಸಾಧ್ಯವಾಗಲಿಲ್ಲ.

ಆ ಮಾರುಕಟ್ಟೆ ತಾನಾಗಿ ಹುಟ್ಟಿದ್ದಲ್ಲ. ಕೊಡಗಿನ ಕೂಡಿಗೆಯಲ್ಲಿ 1955ರಲ್ಲೇ ಹೈನು ಸಹಕಾರ ಸಂಘವೊಂದು ನೋಂದಣಿಯಾಗಿತ್ತು. ಯುನಿಸೆಫ್ ನೆರವಿನಿಂದ ಬೆಂಗಳೂರು ಡೈರಿ 1965ರಲ್ಲಿ ಕೆಲಸ ಆರಂಭಿಸಿತು. ನೆಹರೂ ಸರ್ಕಾರದಲ್ಲಿ ಕೃಷಿ ಖಾತೆಯ ಉಪಮಂತ್ರಿಯಾಗಿದ್ದ ಕೋಲಾರದ ಎಂ. ವಿ. ಕೃಷ್ಣಪ್ಪನವರು ಈ ಸೀಮೆಗೆ ಹೈನುಗಾರಿಕೆ ತರಲು ಪಟ್ಟ ಶ್ರಮವನ್ನು ಆ ಜಿಲ್ಲೆ ಇನ್ನೂ ಮರೆತಿಲ್ಲ. ಆದರೆ ನಿರ್ಣಾಯಕವಾದದ್ದು ವಿಶ್ವಬ್ಯಾಂಕ್ ನೆರವಿನ ಕರ್ನಾಟಕ ಹೈನು ಅಭಿವೃದ್ಧಿ ಯೋಜನೆ. ವಿಶ್ವಬ್ಯಾಂಕ್ ಹಣದಿಂದ ದೇಶದಲ್ಲಿ ನಡೆದ ಮೊದಲ ಹೈನು ಯೋಜನೆ ಇದೇ. 1974-75ರಿಂದ ದಕ್ಷಿಣದ ಜಿಲ್ಲೆಗಳಲ್ಲಿ ಗುಜರಾತಿನ ಆಣಂದ್ ಮಾದರಿಯ ಸಂಘಗಳನ್ನು ಹಳ್ಳಿಹಳ್ಳಿಯಲ್ಲಿ ಕಟ್ಟುತ್ತ ಹೋದ ಈ ಯೋಜನೆಯ ನಿಗಮವೇ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ಸಂಘ ಮಾಡಿದ ಕೆಲಸ ಹೇಳಲು ಸರಳ. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಬಾಗಿಲು ತೆರೆಯಬೇಕು, ಒಂದು ಲೀಟರ್ ತಂದವರ ಹಾಲನ್ನೂ ಹತ್ತು ಲೀಟರ್ ತಂದವರ ಹಾಲನ್ನೂ ಅಳೆಯಬೇಕು, ಸ್ಯಾಂಪಲ್ ತೆಗೆದು ಫ್ಯಾಟು ನೋಡಬೇಕು, ಪಾಸ್‌ಬುಕ್ಕಿನಲ್ಲಿ ಬರೆದುಕೊಡಬೇಕು, ಹೇಳಿದ ದಿನ ಬಟವಾಡೆ ಮಾಡಬೇಕು. ಇದರಲ್ಲಿ ಒಂದು ತಪ್ಪಿದರೂ ಉಳಿದದ್ದು ನಿಲ್ಲುವುದಿಲ್ಲ. ಸುಗ್ಗಿಯಲ್ಲಿ ಹಾಲು ಹೆಚ್ಚಾಯಿತೆಂದು ಒಂದು ವಾರ ಬೇಡವೆಂದರೆ ರೈತ ಹಸುವನ್ನು ಮಾರುತ್ತಾನೆ, ಮತ್ತೆ ಕಟ್ಟುವುದಿಲ್ಲ. ಇನ್ನೊಂದು ವಿಷಯವನ್ನು ಸಾಮಾನ್ಯವಾಗಿ ಯಾರೂ ಎತ್ತಿ ಹೇಳುವುದಿಲ್ಲ. ಇಲ್ಲಿನ ಒಕ್ಕೂಟಗಳು 3.5 ಫ್ಯಾಟು, 8.5 ಎಸ್‌ಎನ್‌ಎಫ್ (ಜಿಡ್ಡಲ್ಲದ ಘನಾಂಶ) ಇರುವ ಹಸುವಿನ ಹಾಲನ್ನೇ ಆಧಾರವಾಗಿಟ್ಟುಕೊಂಡು ದರ ಕಟ್ಟಿದವು. ಜಿಡ್ಡಿಗೆ ಮಾತ್ರ ಬೆಲೆ ಕೊಟ್ಟಿದ್ದರೆ ರೈತ ಎಮ್ಮೆಯ ಕಡೆಗೇ ಉಳಿಯುತ್ತಿದ್ದ. ಹೆಚ್ಚು ಹಾಲು, ಕಡಿಮೆ ಜಿಡ್ಡು ಕೊಡುವ ಹೋಲ್‌ಸ್ಟೀನ್ ಫ್ರೀಸಿಯನ್ (ಎಚ್‌ಎಫ್) ಮಿಶ್ರತಳಿ ಕೋಲಾರಕ್ಕೆ ಒಗ್ಗಿದ್ದರಲ್ಲಿ ಈ ದರಪಟ್ಟಿಯ ಪಾಲು ಹವಾಮಾನದ ಪಾಲಿಗಿಂತ ಕಡಿಮೆಯಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಬೇಸಾಯಕ್ಕೆ ಇದು ಹೇಗೆ ಹೊಂದಿಕೊಂಡಿತು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಇಲ್ಲಿ ಶಾಶ್ವತವಾಗಿ ಹರಿಯುವ ನದಿಯಿಲ್ಲ. ಕೆರೆ ತುಂಬಿದ ವರ್ಷ ಭತ್ತ, ಇಲ್ಲದಿದ್ದರೆ ಮಳೆಯಾಶ್ರಯದ ರಾಗಿ. ರಾಗಿ ವರ್ಷಕ್ಕೊಮ್ಮೆ ಕೈಗೆ ಬರುವ ಬೆಳೆ, ಅದೂ ಮಳೆ ಕೊಟ್ಟರೆ. ಹಾಲಿನ ಬಟವಾಡೆ ವರ್ಷದ ಉದ್ದಕ್ಕೂ ಬರುತ್ತದೆ. ರಾಗಿ ಹೋದ ವರ್ಷವೂ ರಾಗಿಹುಲ್ಲು ಅಷ್ಟೋ ಇಷ್ಟೋ ಉಳಿಯುತ್ತದೆ, ಅದು ದನಕ್ಕೆ ಭತ್ತದ ಹುಲ್ಲಿಗಿಂತ ಒಳ್ಳೆಯ ಮೇವು. ರೇಷ್ಮೆ ಹುಳು ತಿಂದು ಬಿಟ್ಟ ಸೊಪ್ಪು ಕಡ್ಡಿ ಹಸುವಿಗೆ ಹೋಗುತ್ತದೆ, ಹಸುವಿನ ಗೊಬ್ಬರ ಹಿಪ್ಪುನೇರಳೆ ತೋಟಕ್ಕೆ ಬರುತ್ತದೆ. ಹಿಡುವಳಿ ಪಾಲಾಗುತ್ತ ಒಂದು ಎಕರೆ, ಅರ್ಧ ಎಕರೆಗೆ ಇಳಿದಾಗ ಜೋಡಿ ಎತ್ತು ಸಾಕುವುದು ಆಗದ ಕೆಲಸವಾಯಿತು, ಗಂಟೆ ಲೆಕ್ಕದಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಸಿಕ್ಕಿತು. ಎತ್ತು ಬೇಡವಾದ ಮೇಲೆ ಎತ್ತು ಹೆರುವ ಹಸುವೂ ಬೇಡವಾಯಿತು. ಅದು ತೆರವು ಮಾಡಿದ ಗೂಟಕ್ಕೆ ಮೂರು ವರ್ಷದೊಳಗೆ ಈಯುವ, ಕರುವಿಲ್ಲದೆಯೂ ಹಾಲಿಳಿಸುವ, ದಿನಕ್ಕೆ ಎಂಟು ಹತ್ತು ಲೀಟರ್ ಕೊಡುವ ಹಸು ಬಂತು. ಹಸು ಕೊಂಡು ತರಬೇಕಾಗಿಯೂ ಇರಲಿಲ್ಲ. ಮನೆಯ ನಾಟಿ ಹಸುವಿಗೇ ಸೂಜಿ ಹಾಕಿಸಿದರೆ ಮುಂದಿನ ಕಡಸು ಅರ್ಧ ಸೀಮೆಯದು. ಬಡವನು ಕೈಯಿಂದ ದುಡ್ಡು ಹಾಕದೆ ತಾಳ್ಮೆಯೊಂದರಿಂದಲೇ ಪಡೆಯಬಹುದಾದ ಇಂಥ ಬದಲಾವಣೆ ಕೃಷಿಯಲ್ಲಿ ಹೆಚ್ಚು ಇಲ್ಲ.

ಹಸುವಿಗಿಂತ ಮೊದಲು ಡೈರಿ ಬೇಕೆಂಬುದಕ್ಕೆ ವಿರುದ್ಧ ದಿಕ್ಕಿನಿಂದಲೂ ಸಾಕ್ಷ್ಯವಿದೆ. ಎಂಬತ್ತರ ದಶಕದಲ್ಲಿ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮದಡಿಯಲ್ಲೂ ಸಾಲಮೇಳಗಳಲ್ಲೂ ಬಡವರಿಗೆ ಹಸು ಹಂಚಲಾಯಿತು. ಉದ್ದೇಶ ಒಳ್ಳೆಯದಿತ್ತು. ಆದರೆ ಹಾಲಿನ ಸಂಘವಿಲ್ಲದ, ಪಶುವೈದ್ಯರು ಬಾರದ ಊರಿಗೆ ಬಂದ ಸಾಲದ ಹಸು ಬತ್ತಿದ ಮೇಲೆ ಸಂತೆಗೆ ಹೋಯಿತು, ಇಲ್ಲವೇ ಸತ್ತಿತು, ಸಾಲ ಉಳಿಯಿತು. ಅದೇ ಸಬ್ಸಿಡಿ, ಅದೇ ಹಸು, ಸಂಘವಿದ್ದ ಊರಿನಲ್ಲಿ ನಿಂತಿತು. ದೊಡ್ಡ ರೈತರಿಗಷ್ಟೇ ಅನುಕೂಲವಾಯಿತು ಎಂಬ ಟೀಕೆಯನ್ನೂ ಇದರ ಜೊತೆಗೇ ತೂಗಬೇಕು. ಮೊದಲು ಧೈರ್ಯ ಮಾಡಿದವರು ಬಾವಿ, ತೋಟ, ಹಸಿರು ಹುಲ್ಲು ಇದ್ದವರೇ. ಸಂಘದ ಅಧ್ಯಕ್ಷಗಿರಿ ಬಹಳ ಕಡೆ ಅವರ ಮನೆಯಲ್ಲೇ ಉಳಿಯಿತು. ಆದರೂ ಎರಡನೆಯ ತಲೆಮಾರಿಗೆ ಒಂದು ಎರಡು ಹಸುವಿನ ಮನೆಗಳೇ ಸಂಘದ ಬೆನ್ನೆಲುಬಾದವು. ದೊಡ್ಡ ಹಿಡುವಳಿದಾರನಿಗೆ ದಿನಕ್ಕೆರಡು ಸಲ ಹಾಲು ಕರೆಯುವುದು ತಾಪತ್ರಯ, ಜಮೀನು ಸಾಲದ ಮನೆಗೆ ಅದು ಜೀವನ. ಎಲ್ಲ ಜಾತಿಯ ಮನೆಯ ಹಾಲೂ ಒಂದೇ ಕ್ಯಾನಿಗೆ ಬೀಳುವ ಏರ್ಪಾಡು ಊರೊಳಗೆ ಅದಕ್ಕೆ ಮುಂಚೆ ಎಲ್ಲಿತ್ತು? ಅದರಿಂದ ಜಾತಿ ಹೋಯಿತೆಂದು ಹೇಳುವಷ್ಟು ಭೋಳೆತನ ಬೇಡ, ಆದರೆ ಅದು ಸಣ್ಣ ಸಂಗತಿಯಲ್ಲ.

ಎಂಬತ್ತರ ದಶಕದಲ್ಲೇ ಡೈರಿ ಮತ್ತು ಮಿಶ್ರತಳಿಯ ಈ ದಾರಿಗೆ ತೀಕ್ಷ್ಣ ವಿರೋಧ ಬಂತು. ಕ್ಲಾಡ್ ಆಲ್ವಾರಿಸ್ 1983ರಲ್ಲಿ ಬರೆದ ಲೇಖನ ಕ್ಷೀರಕ್ರಾಂತಿಯನ್ನೇ ಸುಳ್ಳೆಂದಿತು. ಶಾಂತಿ ಜಾರ್ಜ್ ತಮ್ಮ ಪುಸ್ತಕದಲ್ಲಿ ಮಿಶ್ರತಳಿಯ ಹೋರಿಗೆ ಹಿಣಿಲಿಲ್ಲ, ನೊಗ ನಿಲ್ಲುವುದಿಲ್ಲ, ಬಿಸಿಲಿಗೆ ಬಳಲುತ್ತದೆ, ಭಾರತದ ಬೇಸಾಯ ಎತ್ತಿನ ಮೇಲೆ ನಿಂತಿರುವಾಗ ಇದು ಬುಡಕ್ಕೇ ಕೊಡಲಿ ಎಂಬರ್ಥದ ವಾದ ಹೂಡಿದರು. ಆ ಕಾಲದ ದೇಶದ ಬಹುಭಾಗಕ್ಕೆ ಇದು ಸರಿಯಾದ ಎಚ್ಚರಿಕೆಯೇ. ಉತ್ತರ ಕರ್ನಾಟಕದ ರೈತ ಅದನ್ನು ಓದದೆಯೇ ಅದರಂತೆ ನಡೆದ. ಆದರೆ ದೇಸಿ ತಳಿಗಳ ಅಳಿವಿಗೆ ಸೀಮೆಹಸುವನ್ನೇ ಹೊಣೆ ಮಾಡುವ ಇಂದಿನ ಮಾತನ್ನು ಹಳೇ ಮೈಸೂರಿನ ಸಾಕ್ಷ್ಯ ಒಪ್ಪುವುದಿಲ್ಲ. ಅಮೃತ ಮಹಲ್ ತಳಿಗೆ ಹಾಲಿನ ಹಸು ಎಂದೂ ಎದುರಾಳಿಯಾಗಿರಲಿಲ್ಲ. ಅದು ಬದುಕಿದ್ದು ಕಾವಲು ಎಂಬ ಮೀಸಲು ಹುಲ್ಲುಗಾವಲುಗಳಲ್ಲಿ, ಕ್ಷೀಣಿಸಿದ್ದು ಕಾವಲುಗಳು ಹೋದಾಗ. ಸಾಗುವಳಿ, ಒತ್ತುವರಿ, ನಿವೇಶನಗಳಿಗೆ ಹೋಗಿ ಮಿಕ್ಕ ಚಳ್ಳಕೆರೆಯ ವಿಶಾಲ ಕಾವಲುಗಳಲ್ಲಿ ಸಾವಿರಾರು ಎಕರೆ 2010ರ ಆಸುಪಾಸಿನಲ್ಲಿ ರಕ್ಷಣಾ, ಅಣು ಮತ್ತು ಬಾಹ್ಯಾಕಾಶ ಸಂಸ್ಥೆಗಳ ಪಾಲಾಯಿತು. ಹಳ್ಳಿಕಾರ್ ಕಡಿಮೆಯಾದದ್ದು ಟ್ರ್ಯಾಕ್ಟರಿನಿಂದ, ಗೋಮಾಳ ಇಲ್ಲವಾದದ್ದರಿಂದ. ನಾಟಿ ಹಸುವನ್ನು ಉಳಿಸಬೇಕೆಂಬ ಕಾಳಜಿ ನನಗೂ ಇದೆ, ಆದರೆ ಅದರ ಹೊರೆಯನ್ನು ಅರ್ಧ ಎಕರೆಯವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹುಲ್ಲುಗಾವಲನ್ನು ಕೈಬಿಟ್ಟವನು ಅವನಲ್ಲ.

ನಿಜವಾಗಿ ಗಟ್ಟಿಯಾದ ಆಕ್ಷೇಪ ಬೇರೆಯದು, ಅದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ನಾಟಿ ಹಸು ಕಡಿಮೆ ಕೊಡುತ್ತಿತ್ತು, ಕಡಿಮೆ ಕೇಳುತ್ತಿತ್ತು. ಸೀಮೆಹಸು ಹೆಚ್ಚು ಕೊಡುತ್ತದೆ, ಅದಕ್ಕೆ ತಕ್ಕಂತೆ ಕೇಳುತ್ತದೆ, ತಪ್ಪಿದರೆ ಒಮ್ಮೆಲೇ ಕೈಕೊಡುತ್ತದೆ. ಕೆಚ್ಚಲು ಬಾವು, ಉಣ್ಣೆಯಿಂದ ಬರುವ ಥೈಲೇರಿಯಾ, ಮತ್ತೆ ಮತ್ತೆ ಸೂಜಿ ಹಾಕಿಸಿದರೂ ಗಬ್ಬ ನಿಲ್ಲದಿರುವುದು, ಇವು ಮಿಶ್ರತಳಿ ಸಾಕುವವರ ನಿತ್ಯದ ಚಿಂತೆ. 2013ರಲ್ಲಿ ಕಾಲುಬಾಯಿ ಜ್ವರ ಬಂದಾಗ ದಕ್ಷಿಣದ ಜಿಲ್ಲೆಗಳಲ್ಲಿ ಸಾವಿರಗಟ್ಟಲೆ ರಾಸು ಸತ್ತವು, ನಾಟಿ ಹಸು ತಡೆದುಕೊಂಡ ರೋಗಕ್ಕೆ ಸೀಮೆಹಸು ಬಲಿಯಾಯಿತು. 2022ರ ಚರ್ಮಗಂಟು ರೋಗದಲ್ಲೂ ನಷ್ಟ ಕಂಡವರು ಒಂದು ಎರಡು ಹಸುವಿನವರೇ. ಬೂಸಾ ಹಿಂಡಿಯ ಬೆಲೆಯನ್ನು ರೈತ ಕಟ್ಟುವುದಿಲ್ಲ, ಹಾಲಿನ ಬೆಲೆಯನ್ನೂ ಕಟ್ಟುವುದಿಲ್ಲ. ಹಸಿರು ಹುಲ್ಲಿಗೆ ನೀರು ಬೇಕು, ಕೋಲಾರದಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿ ಹೋಗಿದೆ. ನಾಪಿಯರ್ ಹುಲ್ಲಿಗೆ ಹರಿಸಿದ ನೀರು ನಾಳಿನ ಕುಡಿಯುವ ನೀರು ಎಂಬುದನ್ನು ಹಾಲಿನ ಲೆಕ್ಕದಲ್ಲಿ ಯಾರೂ ಬರೆದಿಲ್ಲ. ಮೇವು ಕತ್ತರಿಸಿ, ಸಗಣಿ ಬಾಚಿ, ನಸುಕಿಗೆ ಎದ್ದು ಹಾಲು ಕರೆಯುವ ಹೆಂಗಸರ ದುಡಿಮೆಗೂ ಆ ಲೆಕ್ಕದಲ್ಲಿ ಜಾಗವಿಲ್ಲ. ಮಹಿಳಾ ಸಂಘಗಳಿಂದ ಬಟವಾಡೆ ಕೆಲವು ಊರುಗಳಲ್ಲಿ ಅವರ ಹೆಸರಿಗೆ ಬಂತು, ಕೆಲಸವಂತೂ ಮೊದಲಿನಿಂದಲೂ ಎಲ್ಲ ಊರುಗಳಲ್ಲೂ ಅವರದೇ.

ಆದರೆ ಈ ಆಕ್ಷೇಪವನ್ನು ಬಿಡಿಸಿ ನೋಡಿದರೆ ಅದೂ ಹಸುವಿಗಿಂತ ಹೆಚ್ಚಾಗಿ ಏರ್ಪಾಡಿನ ಬಗ್ಗೆಯೇ ಇದೆ. ಡೈರಿ ಹಾಲಿನ ಮಾರಾಟದ ಅನಿಶ್ಚಯವನ್ನು ರೈತನಿಂದ ತೆಗೆದುಕೊಂಡಿತು, ಹಸುವಿನ ಸಾವಿನ, ಮೇವಿನ, ನೀರಿನ ಅನಿಶ್ಚಯವನ್ನು ಅವನ ಮನೆಯಲ್ಲೇ ಬಿಟ್ಟಿತು. ಲಸಿಕೆ, ವಿಮೆ, ಮೊಬೈಲ್ ಪಶು ಆಸ್ಪತ್ರೆ ಇವೆಲ್ಲ ಆ ಉಳಿದ ಅರ್ಧವನ್ನು ಹೊರುವ ಪ್ರಯತ್ನಗಳು, ಹಾಲಿನ ಲಾರಿಯಷ್ಟು ನಿಯತ್ತಾಗಿ ಅವು ಇನ್ನೂ ಊರಿಗೆ ಬರುತ್ತಿಲ್ಲ. ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿ ಮುಂದೆ 5 ರೂಪಾಯಿಗೆ ಏರಿಸಿದ ಪ್ರೋತ್ಸಾಹಧನ ರೈತನಿಗೆ ನೆರವಾಯಿತು, ಆದರೆ ಅದು ಕರೆಯುವ ಹಾಲಿಗೆ ಸಿಗುವ ಹಣ, ಹಸು ಸತ್ತ ಮನೆಗೆ ಅಲ್ಲ.

ಗಂಡುಕರುವಿನ ಪ್ರಶ್ನೆಯೂ ಹಾಗೆಯೇ ಉಳಿದಿದೆ. ಹಳ್ಳಿಕಾರ್ ಹಸು ಗಂಡು ಹೆತ್ತರೆ ಮನೆಗೆ ಸಂಭ್ರಮವಿತ್ತು. ಮಿಶ್ರತಳಿಯ ಗಂಡುಕರುವಿಗೆ ಉಳುವ ಹೊಲವಿಲ್ಲ, ಕೊಳ್ಳುವ ಜಾತ್ರೆಯಿಲ್ಲ. 1964ರ ಗೋಹತ್ಯೆ ನಿಷೇಧ ಕಾಯ್ದೆ ಮುದಿ ಹೋರಿ, ಎತ್ತುಗಳ ವಿಷಯದಲ್ಲಿ ಬಿಟ್ಟಿದ್ದ ದಾರಿಯನ್ನು 2020ರ ಕಾಯ್ದೆ ಮುಚ್ಚಿದ ಮೇಲೆ ಬತ್ತಿದ ಹಸು, ಗಂಡುಕರು ಎರಡರ ಸಾಕಣೆಯ ಖರ್ಚೂ ರೈತನ ಪಾಲಿನದಾಯಿತು. ಹೆಣ್ಣುಕರುವೇ ಹುಟ್ಟುವಂತೆ ಲಿಂಗ ಬೇರ್ಪಡಿಸಿದ ವೀರ್ಯವನ್ನು ಒಕ್ಕೂಟಗಳು ಈಗ ಕೊಡುತ್ತಿವೆ, ಅದರ ದರ ಮಾಮೂಲಿ ಸೂಜಿಗಿಂತ ಹೆಚ್ಚು. 2024ರ ಮಳೆಗಾಲದ ಹೊತ್ತಿಗೆ ಮಹಾಮಂಡಳದ ಹಾಲು ಸಂಗ್ರಹ ದಿನಕ್ಕೆ 1 ಕೋಟಿ ಲೀಟರ್ ದಾಟಿತು. ಆ ಹಾಲಿನಲ್ಲಿ ಒಂದು ಎರಡು ಹಸುವಿನ ಮನೆಗಳ ಪಾಲೆಷ್ಟು, ಇಪ್ಪತ್ತು ಮೂವತ್ತು ಹಸು ಕಟ್ಟಿ ಯಂತ್ರದಲ್ಲಿ ಕರೆಯುವವರ ಪಾಲೆಷ್ಟು ಎಂಬ ಲೆಕ್ಕವನ್ನು ಪ್ರತಿ ಸಂಘವೂ ವರ್ಷಕ್ಕೊಮ್ಮೆ ಊರ ಮುಂದೆ ಇಡಬೇಕು. ಪಾಸ್‌ಬುಕ್ಕುಗಳಲ್ಲಿ ಅದು ಆಗಲೇ ಬರೆದಿದೆ, ಕೂಡಿಸಿ ಓದುವುದಷ್ಟೇ ಬಾಕಿ.